ತಂದೆಯ ಹೆಸರಿಲ್ಲದ ಕಾರ್ಡುಗಳು

ನನಗೆ ಆ ಕೆಲಸ ಸಿಕ್ಕಿದ್ದು ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಮದುವೆಯ ಮಾತು ಅಲ್ಲೊಂದು ಇಲ್ಲೊಂದು ಹುಟ್ಟಿ ಅಲ್ಲಲ್ಲೇ ಆರಿಹೋಗುತ್ತಿತ್ತು. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಒಬ್ಬ ಪ್ರಾಧ್ಯಾಪಕರು ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ, ಕೋರ್ಟಿನ ರಿಜಿಸ್ಟರು ನೋಡಿ ಬರೆದುಕೊಳ್ಳಲು ಒಬ್ಬರು ಬೇಕಂತೆ ಎಂದು ಅಣ್ಣ ಸುದ್ದಿ ತಂದ.

"ಕಳ್ಳರ ಹೆಸರು ಬರ್ಯೂದೂ ಒಂದು ನೌಕರಿ ಏನು?" ಎಂದು ಅವ್ವ ಮುಖ ಸಿಂಡರಿಸಿದಳು. ಅಪ್ಪ ಮಾತ್ರ, "ಹೋಗಲಿ ಬಿಡ. ನಮ್ಮ ದೊಡ್ಡಾಕಿ ಅಕ್ಷರ ಮುತ್ತಿನಂಗ ಅದಾವ, ಕಳ್ಳರೂ ಛಂದ ಕಾಣ್ತಾರ" ಎಂದ. ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನಗೂ ಕಾಕಾನ ಮಗಳಿಗೂ ತೀರಿಹೋದ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಆ ಪೂರ್ತಿ ಹೆಸರು ಬೇಕಾಗುತ್ತಿದ್ದದ್ದು ಸಾಲಿಯ ಹಾಜರಿಗೆ ಮಾತ್ರ.

ಸರ್ ಮೈಸೂರು ಕಡೆಯವರು. ರಾಜ್ಯ ಒಂದಾದ ಮೇಲೆ ಈ ಕಡೆ ಬಂದವರು. ಅವರ ಮಾತಿನ ರಾಗಕ್ಕೆ ನಾವು ನಗುತ್ತಿದ್ದೆವು. ನಮ್ಮ ಮಾತು ಕೇಳಿದಾಗ ಅವರಿಗೆ ಯಾರೋ ಬೈಯುತ್ತಿದ್ದಾರೆ ಎನಿಸಿ ಗಾಬರಿಯಾಗುತ್ತಿತ್ತು. ಮನುಷ್ಯ ಮಾತ್ರ ಅಪ್ಪಟ ಬಂಗಾರ. ಅವರಿಗಿದ್ದ ಪ್ರಶ್ನೆಗಳು ಎರಡೇ. ಒಂದೇ ತಪ್ಪಿಗೆ ಒಬ್ಬನಿಗೆ ದಂಡ, ಇನ್ನೊಬ್ಬನಿಗೆ ಜೈಲು ಆಗುವುದೇಕೆ? ಒಮ್ಮೆ ಶಿಕ್ಷೆಯಾದವರಲ್ಲಿ ಯಾರು ಸುಮ್ಮನಾಗುತ್ತಾರೆ, ಯಾರು ಮತ್ತೆ ಬರುತ್ತಾರೆ? ಇದಕ್ಕೆ ಉತ್ತರ ಹುಡುಕಲು ನಾನು ಧಾರವಾಡದ ಕೋರ್ಟಿನ ದಾಖಲೆಯ ಕೋಣೆಯಲ್ಲಿ, ವಾರಕ್ಕೆರಡು ದಿನ ರೈಲು ಹಿಡಿದು ಹುಬ್ಬಳ್ಳಿಯ ಕೋರ್ಟಿನಲ್ಲಿ, ಧೂಳು ಕುಡಿಯುತ್ತ ಕೂತಿರುತ್ತಿದ್ದೆ.

ಒಂದು ಕೇಸಿಗೆ ಒಂದು ಕಾರ್ಡು. ಅಂಗೈಗಿಂತ ದೊಡ್ಡ ದಪ್ಪ ಕಾರ್ಡು, ಸುತ್ತ ಅಂಚಿಗೆ ಸಾಲಾಗಿ ರಂಧ್ರಗಳು. ಒಂದೊಂದು ರಂಧ್ರ ಒಂದೊಂದು ಸಂಗತಿಗೆ ಮೀಸಲು: ಕಳವು, ಬಡಿದಾಟ, ಕಳ್ಳಭಟ್ಟಿಯ ಸೆರೆ ಸಾಗಿಸಿದ್ದು, ದಂಡ, ಜೈಲು. ಸಂಗತಿ ಹೌದಾದರೆ ಆ ರಂಧ್ರವನ್ನು ಅಂಚಿನ ತನಕ ಇಕ್ಕಳದಿಂದ ಕತ್ತರಿಸಿ ಬಾಯಿ ತೆರೆಯಬೇಕು. ಆಮೇಲೆ ಕಾರ್ಡುಗಳ ಕಟ್ಟು ಹಿಡಿದು ಬೇಕಾದ ರಂಧ್ರಕ್ಕೆ ಉದ್ದನೆಯ ಸೂಜಿ ತೂರಿಸಿ ಎತ್ತಿ ಅಲ್ಲಾಡಿಸಿದರೆ, ಬಾಯಿ ತೆರೆದ ಕಾರ್ಡುಗಳು ಮೇಜಿನ ಮೇಲೆ ಉದುರುತ್ತವೆ, ಉಳಿದವು ಸೂಜಿಯಲ್ಲೇ ನೇತಾಡುತ್ತವೆ. ಸರ್ ತರಿಸಿದ್ದ ಸೂಜಿ ಬಾಗಿಹೋದಾಗ ನಾನು ಅವ್ವನ ಸ್ವೆಟರ್ ಹೆಣೆಯುವ ಕಡ್ಡಿ ಕದ್ದು ತಂದೆ. ಅವ್ವನಿಗೆ ಕೊನೆಯ ತನಕ ಅದು ಗೊತ್ತಾಗಲಿಲ್ಲ. ನಮ್ಮ ಸಂಶೋಧನೆಯಲ್ಲಿ ಪತ್ತೆಯಾಗದೆ ಉಳಿದ ಕಳವು ಅದೊಂದೇ ಎಂದು ನಾನು ಆಮೇಲೆ ನಗೆಯಾಡುತ್ತಿದ್ದೆ.

ಒಂದು ರಂಧ್ರ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತೆ ಬಂದವರದು. ಹೆಸರು, ಮನೆತನದ ಅಡ್ಡಹೆಸರು, ಊರು ಮೂರೂ ಒಂದೇ ಇದ್ದರೆ ಒಬ್ಬನೇ ಮನುಷ್ಯ. ಅಂಥ ಕಾರ್ಡುಗಳನ್ನು ಗುಂಡುಪಿನ್ನಿನಿಂದ ಸೇರಿಸಿ ಆ ರಂಧ್ರ ತೆರೆಯಬೇಕು. ಇದು ಸರ್ ಮಾಡಿದ ನಿಯಮ. ಕೋರ್ಟಿನ ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ 'ಬಿನ್' ಎಂದು ಬರೆದು ತಂದೆಯ ಹೆಸರೂ ಇರುತ್ತಿತ್ತು. ಮೊದಲ ಕೆಲವು ದಿನ ನಾನು ಅದನ್ನೂ ಬರೆದುಕೊಂಡೆ. ಆದರೆ ಕಾರ್ಡಿನಲ್ಲಿ ಜಾಗ ಕಡಿಮೆ, ಅಕ್ಷರ ಕಿಕ್ಕಿರಿದು ನೋಡಲು ಅಸಹ್ಯವಾಗುತ್ತಿತ್ತು. "ಬಿಟ್ಟುಬಿಡಲೇನ್ರಿ ಸರ್?" ಎಂದು ಕೇಳಿದೆ. ಅವರು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಬಿಡಮ್ಮ, ಅಡ್ಡಹೆಸರು ಇದೆಯಲ್ಲ" ಎಂದರು. ಬಿಟ್ಟೆ. ನನ್ನ ಕಾರ್ಡುಗಳು ಅಚ್ಚು ಹಾಕಿದ ಹಾಗೆ ಕಾಣತೊಡಗಿದವು. ಆ ಅಂದದ ಮೇಲೆ ನನಗೆ ಎಷ್ಟು ಜಂಬವಿತ್ತೆಂದರೆ, ಈಗ ನೆನೆದರೆ ಕಪಾಳಕ್ಕೆ ಬಾರಿಸಿಕೊಳ್ಳುವ ಹಾಗಾಗುತ್ತದೆ.

ಆಗ ತಾನೇ ಒಂದು ಹೊಸ ಕಾಯದೆ ಬಂದಿತ್ತು. ಸಣ್ಣ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸುವ ಬದಲು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅಂಥವನ ಮನೆ, ನಡತೆ, ಹಿಂದಿನ ಶಿಕ್ಷೆ ವಿಚಾರಿಸಿ ಕೋರ್ಟಿಗೆ ವರದಿ ಕೊಡಲು ಒಬ್ಬ ಅಧಿಕಾರಿ ಇದ್ದರು. ತೆಳ್ಳಗಿನ ಮನುಷ್ಯ, ಒಬ್ಬರೇ ಊರೂರು ತಿರುಗಿ ಹೈರಾಣಾಗಿರುತ್ತಿದ್ದರು. ಹಿಂದಿನ ಶಿಕ್ಷೆ ಹುಡುಕಲು ಅವರು ರಿಜಿಸ್ಟರುಗಳ ರಾಶಿ ಕೆದರುವುದನ್ನು ನೋಡಿ ನಾನೇ ಬಾಯಿ ಹಾಕಿದೆ.

"ಹೆಸರು ಹೇಳ್ರಿ. ನಮ್ಮ ಕಾರ್ಡಿನ್ಯಾಗ ಒಂದು ಗಳಿಗಿನ್ಯಾಗ ಸಿಗತೈತಿ."

ಅವರು ಹೇಳಿದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಪಡಬಾರದಷ್ಟು ಪಾಡು ಪಟ್ಟಿದೆ. ಉಪ್ಪಿನಬೆಟಗೇರಿಯ ಒಬ್ಬ ತರುಣ, ಧಾರವಾಡದ ಒಂದು ಸಾಲಿಯಲ್ಲಿ ಹಂಗಾಮಿ ಸಿಪಾಯಿ. ಒಂದು ಸಂಜೆ ಸಾಲಿ ಬಿಟ್ಟು ಬರುವಾಗ, ಬಸುರಿ ಹೆಂಡತಿಗೆ ನೋವು ಕಾಣಿಸಿದೆ ಎಂದು ಊರಿನವರೊಬ್ಬರು ಹೇಳಿದರು. ಬಸ್ಸು ಹೋಗಿಬಿಟ್ಟಿತ್ತು. ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದ ಒಂದು ಸೈಕಲ್ ಹತ್ತಿ ಊರಿಗೆ ಹೋಗಿಬಿಟ್ಟ. ನೋವು ಸುಳ್ಳುನೋವು. ಮರುದಿನ ಬೆಳಿಗ್ಗೆ ಸೈಕಲ್ ಒರೆಸಿಕೊಂಡು ವಾಪಸು ತಂದ. ಅಷ್ಟರಲ್ಲಿ ಗಿರಾಕಿಯ ಸೈಕಲ್ ಹೋಯಿತೆಂದು ಅಂಗಡಿಯ ಸಾಬರು ದೂರು ಕೊಟ್ಟಾಗಿತ್ತು. ಕೋರ್ಟಿನಲ್ಲಿ ಈತ ತಪ್ಪೊಪ್ಪಿಕೊಂಡ. ಮುಚ್ಚಳಿಕೆ ಬರೆಸಿಕೊಂಡು ಬಿಡಲು ಇದಕ್ಕಿಂತ ಯೋಗ್ಯವಾದ ಕೇಸು ಇರಲಾರದು ಎಂದು ಅಧಿಕಾರಿಯೇ ಹೇಳಿದರು.

ನಾನು ಕಟ್ಟು ತೆಗೆದು ಹೆಸರು ಹುಡುಕಿದೆ. ಪಿನ್ನು ಹಾಕಿದ ಎರಡು ಕಾರ್ಡುಗಳು ಸಿಕ್ಕವು. ಅದೇ ಹೆಸರು, ಅದೇ ಅಡ್ಡಹೆಸರು, ಅದೇ ಊರು. ಕೆಲವು ವರ್ಷಗಳ ಹಿಂದೆ ಎರಡು ಸಲ ಕಳ್ಳಭಟ್ಟಿ ಸಾಗಿಸಿ ಶಿಕ್ಷೆಯಾದದ್ದು. ನಮ್ಮ ಕಡೆ ಆಗ ಪಾನನಿಷೇಧವಿತ್ತು. ಅರ್ಧ ಕಾರ್ಡುಗಳು ಅವೇ. ಅಧಿಕಾರಿಯ ಮುಖ ಸಪ್ಪಗಾಯಿತು. ನಾನು ಮಾತ್ರ ನನ್ನ ಮುತ್ತಿನಂಥ ಅಕ್ಷರದಲ್ಲಿ ಒಂದು ಟಿಪ್ಪಣಿ ಬರೆದುಕೊಟ್ಟೆ.

ಟಿಪ್ಪಣಿಯ ಪ್ರಭಾವ ನೋಡಬೇಕೆಂದು ತೀರ್ಪಿನ ದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಿದ್ದೆ. ಮ್ಯಾಜಿಸ್ಟ್ರೇಟರು ಓದಿ, "ಹಿಂದೆ ಎರಡು ಸಲ ಶಿಕ್ಷೆಯಾಗಿದೆಯಲ್ಲ?" ಎಂದರು.

"ನಾ ಅಲ್ಲರಿ ಸಾಹೇಬ್ರ."

"ನೀನಲ್ಲದಿದ್ದರೆ ಮತ್ತೆ ಯಾರು?"

ಆತ ಬಾಯಿ ತೆರೆದ, ಮತ್ತೆ ಮುಚ್ಚಿದ. ಎರಡೂ ಕೈ ಕಟ್ಟಿಕೊಂಡು ನೆಲ ನೋಡುತ್ತ ನಿಂತುಬಿಟ್ಟ. ನನಗೆ ನಗು ಬಂತು. ನಾ ಅಲ್ಲ ಎನ್ನದವರು ಯಾರಿದ್ದಾರೆ? ಮೂರು ತಿಂಗಳು ಸಜೆ ಎಂದು ಮ್ಯಾಜಿಸ್ಟ್ರೇಟರು ಓದಿದಾಗ, ಅವನು ಯಾರನ್ನೋ ಹುಡುಕುವವನಂತೆ ಬಾಗಿಲ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ನಾನು ಮನೆಗೆ ಹೋಗಿ ಹೊಟ್ಟೆತುಂಬ ಊಟ ಮಾಡಿದೆ.

ಎರಡು ವಾರವಾಗಿರಬೇಕು. ಮತ್ತೆ ಬಂದವರ ಮನೆಗಳಿಗೆ ಹೋಗಿ ಅವರು ಏಕೆ ಮತ್ತೆ ಬರುತ್ತಾರೆ ಎಂದು ತಿಳಿಯಬೇಕು ಎಂದು ಸರ್ ಒಂದು ಪ್ರಶ್ನಾವಳಿ ಮಾಡಿದರು. ಹೊಸ ಕಾರ್ಡು ಸೇರಿ ಈತನವು ಮೂರಾಗಿದ್ದವು. ಪಟ್ಟಿಯಲ್ಲಿ ಮೇಲಿದ್ದವನು ಅವನೇ. ನಾನು ಬಸ್ಸು ಹತ್ತಿ ಉಪ್ಪಿನಬೆಟಗೇರಿಗೆ ಹೋದೆ. ಅಡ್ಡಹೆಸರು ಹೇಳಿದ ಕೂಡಲೇ ಮನೆ ತೋರಿಸಿದರು. ದೊಡ್ಡ ವಾಡೆ, ನಡುವೆ ಅಂಗಳ, ಸುತ್ತ ಅಣ್ಣತಮ್ಮಂದಿರ ಸಂಸಾರ. ಅಂಗಳದಲ್ಲಿ ಒಬ್ಬ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಆಚೆ ಇಬ್ಬರು ಗಂಡಸರು ಹಗ್ಗ ಹೊಸೆಯುತ್ತಿದ್ದರು, ಒಬ್ಬ ಎತ್ತಿನ ಮೈ ತೊಳೆಯುತ್ತಿದ್ದ.

ನಾನು ಪ್ರಶ್ನಾವಳಿ ತೆಗೆದು, ಅಧಿಕಾರದ ದನಿಯಲ್ಲಿ ಆ ಹೆಸರನ್ನು ಓದಿ, "ಇವರ ಮನಿ ಇದ ಏನ್ರಿ?" ಎಂದೆ.

ಮೂವರೂ ಗಂಡಸರು ಒಟ್ಟಿಗೆ ತಲೆ ಎತ್ತಿದರು. ಮುದುಕಿ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯಾಂವ ಬೇಕಾಗ್ಯಾನವ್ವ?" ಎಂದಳು. "ನಮ್ಮನ್ಯಾಗ ನಾಕು ಮಂದಿ ಅದಾರ. ನನ್ನ ನಾಕೂ ಗಂಡಮಕ್ಕಳು ತಮ್ಮ ಹಿರೇ ಮಗಗ ಅವರ ಹೆಸರ ಇಟ್ಟಾರ."

ಅವರು ಎಂದರೆ ಅವಳ ಗಂಡ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಆದ್ದರಿಂದ ಮೊಮ್ಮಕ್ಕಳನ್ನೂ ಅವಳು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಅವಳ ಪಾಲಿಗೆ ಅವರು ಹಿರ್ಯಾ, ಕರಿಯಾ, ಗಿಡ್ಡ ಮತ್ತು ಸಾಲಿಯವ.

ಮನೆಯಲ್ಲಿ ದೊಡ್ಡಾಕಿ ಎಂದು ಕರೆಸಿಕೊಂಡು ಬೆಳೆದವಳು ನಾನು. ಸಣ್ಣಾಕಿಯ ಅಂಕಪಟ್ಟಿ ನನ್ನ ಕೈಗೆ ಬಂದು, ತಂದೆಯ ಹೆಸರು ನೋಡಿ ಬದಲಿಸಿಕೊಂಡದ್ದು ನನಗೇ ನೆನಪಿತ್ತು. ಸರ್ ದೂರದಿಂದ ಬಂದವರು, ಅವರ ಮಾತು ಬೇರೆ. ನನಗೆ ಇದು ಹೊಳೆಯಲಿಲ್ಲವಲ್ಲ! ಉಸಿರಾಡುವಷ್ಟು ಸಹಜವಾಗಿದ್ದ ಸಂಗತಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಕಳ್ಳಭಟ್ಟಿ ಕೇಸಿನ್ಯಾಗ ಎರಡು ಸಲ ಶಿಕ್ಷಾ ಆದವರು ಯಾರ್ರಿ?" ಎಂದು ಕೇಳಿದಾಗ ನನ್ನ ದನಿಯಲ್ಲಿ ಅಧಿಕಾರ ಉಳಿದಿರಲಿಲ್ಲ.

ಹಗ್ಗ ಹೊಸೆಯುತ್ತಿದ್ದವರಲ್ಲಿ ದೊಡ್ಡವನು ಎದ್ದು ಬಂದ. ಮೀಸೆಯಲ್ಲಿ ಬಿಳಿ ಕಾಣತೊಡಗಿದ ಮನುಷ್ಯ, ಮುದುಕಿಯ ಹಿರ್ಯಾ. "ನಾನ ರಿ. ಅದೆಲ್ಲಾ ಬಿಟ್ಟು ಭಾಳ ವರ್ಷ ಆತು. ಈಗ್ಯಾಕ್ರಿ ಅದು? ಮಗಳ ಮದುವಿ ಗೊತ್ತಾಗೇತಿ. ಬೀಗರಿಗೆ ಈ ಸುದ್ದಿ ಗೊತ್ತಿಲ್ಲ."

ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಸಾಲಿಯವನು ಜೈಲಿಗೆ ಹೋದದ್ದು ಸೈಕಲ್ಲಿಗಾಗಿ ಅಲ್ಲ, ನಿಮ್ಮ ಎರಡು ಶಿಕ್ಷೆಗಳು ಅವನ ತಲೆಗೆ ಬಂದದ್ದಕ್ಕೆ, ಹಾಗೆ ಬರೆದುಕೊಟ್ಟವಳು ನಾನೇ ಎಂದೆ. ಸಾಹೇಬರು 'ಮತ್ತೆ ಯಾರು' ಎಂದು ಕೇಳಿದಾಗ ಅವನು ಬಾಯಿ ಬಿಡಲಿಲ್ಲ ಎಂದೂ ಹೇಳಿದೆ. ಆ ಮನುಷ್ಯ ಕಂಬ ಹಿಡಿದುಕೊಂಡು ಕುಸಿದು ಕೂತ.

"ಹುಚ್ಚಪ್ಯಾಲಿ ಮಗ," ಎಂದು ಕೂಗಿದ. ಜೈಲಿನಲ್ಲಿದ್ದವನನ್ನು ಬೈಯುತ್ತಲೇ ಅಳತೊಡಗಿದ. "ನನ್ನ ಮಗಳ ಮದುವಿ ಸಲುವಾಗಿ ಬಾಯಿ ಮುಚಗೊಂಡಾನ ನೋಡ್ರಿ. ಹೆಂಡ್ತಿ ದಿನ ತುಂಬ್ಯಾಳ, ಇಂವ ಅಲ್ಲಿ ಕುಂತಾನ."

ಒಳಗಿನಿಂದ ಸಾಲಿಯವನ ಹೆಂಡತಿ ಬಾಗಿಲಿಗೆ ಬಂದಳು. ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ದೂರದಿಂದ ಬಂದೀರಿ, ಕೂಡ್ರಿ. ಚಾ ಮಾಡ್ತೇನಿ" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಸರ್ ಮುಂದೆ ನಿಂತಾಗ ನಾನು ಅಳಬಾರದೆಂದು ಗಟ್ಟಿಮಾಡಿಕೊಂಡು ಹೋಗಿದ್ದೆ, ಆದರೆ ಅತ್ತೆ. ಅವರ ಎರಡು ವರ್ಷದ ಕೆಲಸ ಆ ಪಿನ್ನುಗಳ ಮೇಲೆ ನಿಂತಿತ್ತು. ಮತ್ತೆ ಬಂದವರು ಇಷ್ಟು ಮಂದಿ ಎಂದು ಅವರು ಬರೆದಿಟ್ಟಿದ್ದರಲ್ಲಿ ಖರೇ ಮತ್ತೆ ಬಂದವರು ಎಷ್ಟು, ಅಜ್ಜನ ಹೆಸರು ಹೊತ್ತ ಅಣ್ಣತಮ್ಮಂದಿರು ಎಷ್ಟು, ಹೇಳುವವರು ಯಾರು? ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಬಿಡು ಎಂದವನು ನಾನು ತಾನೇ," ಎಂದರು. "ಲೆಕ್ಕ ಆಮೇಲೆ ನೋಡೋಣ. ಮೊದಲು ಆ ಹುಡುಗ ಹೊರಗೆ ಬರಲಿ. ನಡಿಯಮ್ಮ ವಕೀಲರ ಹತ್ತಿರ."

ಮೇಲಿನ ಕೋರ್ಟಿಗೆ ಅಪೀಲು ಹಾಕಲು ದಿನಗಳು ಇನ್ನೂ ಉಳಿದಿದ್ದವು. ನಾನು ಪ್ರಮಾಣಪತ್ರ ಬರೆದುಕೊಟ್ಟೆ. ರಿಜಿಸ್ಟರಿನಿಂದ ಮೂರೂ ಕೇಸುಗಳ ತಂದೆಯ ಹೆಸರುಗಳ ನಕಲು ತೆಗೆಸಿದೆವು; ಅವು ಅಲ್ಲಿ ಮೊದಲಿನಿಂದ ಸುಮ್ಮನೆ ಕೂತಿದ್ದವು, ನೋಡುವವರಿಗಾಗಿ. ಹಿರ್ಯಾ ವಕೀಲರ ಎದುರು, "ಮದುವಿ ಮುರದ್ರ ಮುರೀಲಿ, ಆ ಶಿಕ್ಷಾ ನಂದ ಅಂತ ಬರಕೋರಿ" ಎಂದು ಹೆಬ್ಬೆಟ್ಟು ಒತ್ತಿದ. ಮದುವೆ ಮುರಿಯಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೀಗರ ಮನೆಯಲ್ಲೂ ಕಳ್ಳಭಟ್ಟಿ ಸಾಗಿಸಿದವನೊಬ್ಬ ಇದ್ದನಂತೆ.

ಆದರೂ ಕೋರ್ಟಿನ ಕೆಲಸ ಕೋರ್ಟಿನದೇ ನಡಿಗೆಯಲ್ಲಿ ನಡೆಯಿತು. ಸಜೆ ರದ್ದಾಗಿ, ಮುಚ್ಚಳಿಕೆ ಬರೆದು ಆತ ಹೊರಗೆ ಬರುವ ಹೊತ್ತಿಗೆ ಒಂದು ತಿಂಗಳ ಮೇಲೆ ಒಳಗೆ ಕಳೆದಿದ್ದ. ಗಂಡು ಮಗು ಹುಟ್ಟಿ ಹತ್ತು ದಿನವಾಗಿತ್ತು. ಸಾಲಿಯ ಹಂಗಾಮಿ ಜಾಗಕ್ಕೆ ಬೇರೆಯವನು ಬಂದಿದ್ದ. ಅದನ್ನು ಮರಳಿ ಕೊಡಿಸಲು ಸರ್ ಎಲ್ಲೆಲ್ಲಿ ಹಲ್ಲು ಗಿಂಜಿದರೋ, ಆಗಲಿಲ್ಲ. ಕೊನೆಗೆ ಅವನನ್ನು ಕರೆದು ಕೆಲಸ ಕೊಟ್ಟವರು ದೂರು ಕೊಟ್ಟಿದ್ದ ಸೈಕಲ್ ಅಂಗಡಿಯ ಸಾಬರೇ. "ಸೈಕಲ್ ವಾಪಸ್ ತಂದಾಂವಗ ಮೂರು ತಿಂಗಳಂದ್ರ ಹೆಂಗ್ರಿ? ನನಗ ನಿದ್ದಿ ಹತ್ತವಲ್ದು," ಎಂದರಂತೆ. ಸಾಲಿಯ ಖಾಕಿ ಅಂಗಿ ತೊಡುತ್ತಿದ್ದವನು ಕೈತುಂಬ ಗ್ರೀಸು ಹಚ್ಚಿಕೊಂಡು ಕೂತದ್ದನ್ನು ನೋಡಿದಾಗಲೆಲ್ಲ ನಾನು ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದೆ.

ಒಂದು ದಿನ ಅವನ ಹೆಂಡತಿಯೇ ಕೂಸನ್ನು ಎತ್ತಿಕೊಂಡು ಕಾರ್ಡಿನ ಡಬ್ಬಿಗಳಿದ್ದ ನಮ್ಮ ಕೋಣೆಗೆ ಬಂದಳು. ಗಂಡ ಬರುವ ತನಕ ತೊಟ್ಟಿಲಿಗೆ ಹಾಕಿರಲಿಲ್ಲ. ಮುಂದಿನ ವಾರ ಹೆಸರಿಡುವುದಿತ್ತು.

"ಇವಕ್ಕೂ ಆ ಅಜ್ಜನ ಹೆಸರ ಇಡಬೇಕಂತಾರ್ರಿ ಎಲ್ಲಾರೂ," ಎಂದಳು. "ನನಗ ಅಂಜಿಕಿ ಬರತೈತಿ. ನಿಮ್ಮ ಈ ಡಬ್ಬಿನ್ಯಾಗ ಇಲ್ದ ಒಂದು ಹೆಸರು ಹುಡುಕಿ ಕೊಡ್ರಿ ಬಾಯಾರ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಕೇಳುವುದನ್ನು ನೇರವಾಗಿ ಕೇಳಿದಳು, ಅಷ್ಟೇ. ನಾನು ಹೂಂ ಎಂದೆ.

ಹೆಸರಿಗೆ ರಂಧ್ರವಿಲ್ಲ, ಸೂಜಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೂರು ದಿನ ಒಂದೊಂದೇ ಕಾರ್ಡು ಕೈಯಿಂದ ತಿರುವಿದೆ. ಶಿವನ ಹೆಸರುಗಳೆಲ್ಲ ಇದ್ದವು, ಹನುಮಪ್ಪನವು ಇದ್ದವು, ಪೀರಸಾಹೇಬರ ಹೆಸರುಗಳಿದ್ದವು, ಬುದ್ಧನದೂ ಇತ್ತು. ನನ್ನ ಅಪ್ಪನ ಹೆಸರು ಮೂರು ಕಡೆ ಸಿಕ್ಕಿತು. ಅಣ್ಣನದು ಕಳವಿನಲ್ಲಿ, ಸರ್ ಹೆಸರು ಬಡಿದಾಟದಲ್ಲಿ. ಬರೆಯುವಾಗ ಈ ಹೆಸರುಗಳು ನನಗೆ ಕಳ್ಳರ ಹೆಸರುಗಳಾಗಿ ಕಂಡಿದ್ದವು. ಈಗ ಒಂದೊಂದನ್ನೂ ಯಾವುದೋ ತೊಟ್ಟಿಲ ಮುಂದೆ, ಯಾರೋ ಪ್ರೀತಿಯಿಂದ, ಯಾರನ್ನೋ ನೆನೆದು ಇಟ್ಟದ್ದು ಎಂಬುದು ಬೇಡವೆಂದರೂ ಕಣ್ಣಿಗೆ ಕಟ್ಟುತ್ತಿತ್ತು. ಮೂರನೆಯ ದಿನ ಡಬ್ಬಿ ಮುಚ್ಚಿದೆ.

ತೊಟ್ಟಿಲ ದಿನ ಉಪ್ಪಿನಬೆಟಗೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹುಡುಕಿದ್ನಿ. ನಮ್ಮ ಕಡೆ ಇಡೂವಂಥಾ ಹೆಸರು ಒಂದೂ ಉಳಿದಿಲ್ಲ. ನಮ್ಮಪ್ಪಂದೂ ಅದರಾಗ ಐತಿ."

ಹೆಂಡತಿ ಕೂಸಿನ ಮುಖ ನೋಡುತ್ತ ಕೂತಳು. ಮುದುಕಿ ಮಾತ್ರ ಬೊಚ್ಚುಬಾಯಿ ತೆರೆದು ನಕ್ಕಳು. "ಹಂಗಾರ ಅಂಜಿಕಿ ಯಾಕ? ಎಲ್ಲಾ ಮನಿಯವರೂ ಕೋರ್ಟಿಗೆ ಹೋಗಿ ಬಂದಾರ. ಇಡ್ರಿ ಅವರದ," ಎಂದಳು. ಹೆಂಡತಿ ನಿಧಾನವಾಗಿ ತಲೆ ಆಡಿಸಿದಳು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಊದಿದಳು, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಗುಗ್ಗರಿ ಹಂಚಿದರು. ತಂದೆ ಮಗ ಇಬ್ಬರೂ ಸೇರಿ ಆ ಮನೆಯಲ್ಲಿ ಆ ಹೆಸರಿನವರು ಐವರಾದರು.

ಮನೆಯ ಹುಟ್ಟುಸಾವುಗಳನ್ನು ಬರೆದಿಡುವ ಒಂದು ಹಳೆಯ ವಹಿ ಅವರಲ್ಲಿತ್ತು. ಸಾಲಿಯವನು ಅದನ್ನು ತಂದ. ಕ್ಷಮಿಸಿ ಎನ್ನಲು ನಾನೂ ಎರಡು ಸಲ ಬಾಯಿ ತೆರೆದು ಮುಚ್ಚಿದ್ದೆ, ಕೋರ್ಟಿನಲ್ಲಿ ಅವನು ಮುಚ್ಚಿದ ಹಾಗೆ. ಗ್ರೀಸು ಕೂತ ಉಗುರುಗಳ ಕೈಯಿಂದ ಅವನು ವಹಿ ಬಿಚ್ಚಿ ನನ್ನ ಮುಂದಿಟ್ಟು, ಲೆಕ್ಕಣಿಕೆ ಕೊಟ್ಟ.

"ನೀವ ಬರೀರಿ ಬಾಯಾರ. ನಿಮ್ಮ ಅಕ್ಷರ ಛಲೋ ಅದಾವ, ಕೋರ್ಟಿನ್ಯಾಗ ದೂರದಿಂದ ನೋಡೇನಿ."

ಕೂಸಿನ ಹೆಸರು ಬರೆದೆ. ಮುಂದಿನ ಪದಕ್ಕೆ ಕೈ ಸರಿಸುವಾಗ ಅವನು ಪುಟದ ಮೇಲೆ ಮೆಲ್ಲಗೆ ಬೆರಳಿಟ್ಟ.

"ಅಡ್ಡಹೆಸರು ಆಮ್ಯಾಲೆ ಬರೀರಿ," ಎಂದ. "ಮೊದಲ ನನ್ನ ಹೆಸರು ಬರೀರಿ. ಇಂವನ ತಂದಿ ನಾನು."